ನಾಲ್ಕು ಸರಳು, ತೆಂಗಿನಕಾಯಿ, ಕಿಲ್ಲಾರಿ

ಭಾಗ 1
ಹೋದ ಬ್ಯಾಸಗಿಯೊಳಗ ನಮ್ಮ ಹೊಲಕ್ಕ ಬೋರ್ ಪಾಯಿಂಟ್ ನೋಡಾಕ ಇಬ್ಬರು ಬಂದಿದ್ರು. ಮೊದಲು ಬಂದವರು ಅಂಗೈಮ್ಯಾಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರು. ಕಾಯಿ ಎದ್ದು ನಿಂತಲ್ಲಿ ಕೊರೆಸಿದ್ವಿ, ಬರೀ ಧೂಳು. ಆಮೇಲೆ ಬಂದವರು ನಾಲ್ಕು ಕಬ್ಬಿಣದ ಸರಳು ನೆಟ್ಟು, ವೈರ್ ಹಚ್ಚಿ, ನಂಬರ್ ಬರೆದುಕೊಂಡರು. ಅಲ್ಲಿ ಒಂದೂವರೆ ಇಂಚು ನೀರು ಬಂತು. ಒಂದು ಸಲ ಆದದ್ದು ಪುರಾವೆ ಅಲ್ಲ, ಗೊತ್ತೈತಿ. ಆದ್ರ ಅಪ್ಪನ ಸಾಲದ ಲೆಕ್ಕ ಬರೆಯೋ ಬಿಕಾಂ ಹುಡುಗ ನಾನು; ಆ ಸರಳುಗಳ ಇತಿಹಾಸ ಹುಡುಕದೇ ಇರಾಕ ಆಗಲಿಲ್ಲ.

ಭಾಗ 2
ಹೊರಗಿನ ಎರಡು ಸರಳಿನಿಂದ ಮಣ್ಣಿಗೆ ಕರೆಂಟ್ ಬಿಡ್ತಾರ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೀತಾರ. ಹಸಿ ಮಣ್ಣು, ನೀರು ತುಂಬಿದ ಬಿರುಕು ಕರೆಂಟಿಗೆ ದಾರಿ ಬಿಡ್ತಾವ. ಒಣ ಗಟ್ಟಿ ಕಲ್ಲು ತಡೀತೈತಿ. ಸರಳು ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. 1912ರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ ಅದಿರು ಹುಡುಕಲು ಇಂಥ ಪ್ರಯೋಗ ಶುರು ಮಾಡಿದರು. 1946ರಲ್ಲಿ ರಿಚರ್ಡ್ ಅಟ್ಕಿನ್ಸನ್ ಇಂಗ್ಲೆಂಡಿನಲ್ಲಿ, ಥೇಮ್ಸ್ ನದಿ ಪಕ್ಕದ ಡಾರ್ಚೆಸ್ಟರ್‌ನಲ್ಲಿ, ಅದನ್ನೇ ಪುರಾತತ್ವಕ್ಕೆ ತಂದರು. ಸಾವಿರಾರು ವರ್ಷದ ಹಿಂದೆ ತೋಡಿದ ಕಂದಕ ಮುಚ್ಚಿ ಹೊಲ ಆಗಿದ್ರೂ, ಅದರೊಳಗಿನ ಮಣ್ಣು ಸುತ್ತಲಿನದಕ್ಕಿಂತ ಹೆಚ್ಚು ಹಸಿ ಇರ್ತೈತಿ. ಸಲಿಕೆ ಹಚ್ಚೋದಕ್ಕ ಮೊದಲೇ ಕಂದಕದ ನಕ್ಷೆ ಸಿಕ್ಕಿತು! ಹೂತ ಕಲ್ಲಿನ ಗೋಡೆಯಾದ್ರ ಲೆಕ್ಕ ಉಲ್ಟಾ. ಆದರೆ ಮೀಟರ್ ‘ಇಲ್ಲಿ ಗುಡಿ ಐತಿ’ ಅನ್ನಂಗಿಲ್ಲ, ನಂಬರ್ ಮಾತ್ರ ಕೊಡ್ತೈತಿ. ಗೋಡೆಯೋ ಬಂಡೆಯೋ ಅಂತ ಕೊನೆಗೆ ಅಗೆದೇ ನೋಡಬೇಕು. ಈಗ ರೇಡಾರೂ ಬಂದೈತಿ, ಖರೆ ನಮ್ಮ ಎರಿಮಣ್ಣಿನಂಥ ಜಿಗುಟು ನೆಲದಾಗ ಅದರ ಅಲೆ ಬಾಳ ಆಳ ಇಳಿಯಂಗಿಲ್ಲ.

ಭಾಗ 3
ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಕಿಲ್ಲಾರಿ. ಮಹಾರಾಷ್ಟ್ರದ ಲಾತೂರ್ ಜಿಲ್ಲೆ, ನಮ್ಮಂಗ ಕಪ್ಪು ಮಣ್ಣಿನ ಸೀಮೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ರಾತ್ರಿ, ಬೆಳಗಿನ ಜಾವ 4ಕ್ಕೆ ಸ್ವಲ್ಪ ಮುಂಚೆ ಭೂಕಂಪ. ತೀವ್ರತೆ ಸುಮಾರು 6.2, ಸತ್ತವರು ಹತ್ತಿರಹತ್ತಿರ 10,000. ಸರಕಾರದ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ 1ರಲ್ಲಿ ಇತ್ತು. ಮೇಲೆ ನೋಡಿದ್ರ ಏನೂ ಕಾಣತಿರಲಿಲ್ಲ; ಲಾವಾದ ಕಲ್ಲು ಎಲ್ಲಾನೂ ಮುಚ್ಚಿತ್ತು.

ಆಮೇಲೆ ಅಲ್ಲಿ 617 ಮೀಟರ್ ಕೊರೆದರು. ಮೊದಲ 338 ಮೀಟರ್ ಬಸಾಲ್ಟ್ ಪದರು, ಇನ್ನೂ ಕೆಳಗೆ ಹಳೇ ಕಾಲದ ಗಟ್ಟಿ ಬುಡಬಂಡೆ. ಅದಕ್ಕೂ ಆಳ ನೋಡಾಕ ಮ್ಯಾಗ್ನೆಟೋಟೆಲ್ಯೂರಿಕ್ ಸರ್ವೆ. ಇಲ್ಲಿ ನಾವು ಕರೆಂಟ್ ಬಿಡಬೇಕಿಲ್ಲ, ಭೂಮಿಯಲ್ಲಿ ತಾನಾಗಿ ಹರಿಯೋ ಸಣ್ಣ ಕರೆಂಟನ್ನೇ ಅಳೀತಾರ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ ಕೆಲವು ಕಿಲೋಮೀಟರ್ ಆಳದಲ್ಲಿ ಕರೆಂಟ್ ಸುಲಭವಾಗಿ ಹರಿಯೋ ಜಾಗ ಕಂಡಿತು. ನೀರಿನಂಥ ದ್ರವ ತುಂಬಿದ ಬಿರುಕುಬಂಡೆ ಇರಬೇಕು, ಬಂಡೆ ಅಲ್ಲಿ ದುರ್ಬಲ ಆಗಿರಬೇಕು ಅಂದರು. ಅಂದ್ರ ನಾವು ಬೋರಿಗೆ ಹುಡುಕೋ ಗುರುತೇ, ಅಷ್ಟು ಆಳದಾಗ ಬೇರೆ ಅರ್ಥ ಕೊಡ್ತು.

ಭಾಗ 4
ಜನರನ್ನು ಕೊಂದದ್ದು ನೆಲಕ್ಕಿಂತ ಹೆಚ್ಚಾಗಿ ಮನೆಗಳು. ಮಣ್ಣಿನಾಗ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗಿ. ನಮ್ಮ ಮುತ್ಯಾನ ಮನಿಯೂ ಹಂಗ. ಆ ನಸುಕಿನಾಗ ಮಾಡದೊಳಗಿನ ತಂಬಿಗಿ ಅಲುಗಾಡಿದ್ದು ಆಯಿಗೆ ಇನ್ನೂ ನೆನಪೈತಿ. ಬೆಕ್ಕು ಅಂತ ತಿಳಿದು ಬೈದಿದ್ದಳಂತ. ಪ್ರತಿ ಮಳಿಗಾಲಕ್ಕ ಮುಂಚೆ ಮಾಳಿಗಿಗೆ ಇನ್ನೊಂದು ಪದರು ಮಣ್ಣು ಹಾಕ್ತೀವಿ. ಎಷ್ಟು ಭಾರ ಆಗಿರಬಹುದು ಅಂತ ಈ ಸಲ ಮೊದಲ ಬಾರಿ ಲೆಕ್ಕ ಹಾಕಾಕ ಕುಂತೀನಿ.

ನಿಮ್ಮ ಮನಿ ಮಾಳಿಗಿ ಎಂಥಾದ್ದು? ಕಾಮೆಂಟ್‌ನಾಗ ಹೇಳ್ರಿ.