ನಾಡಕೋವಿ: ಒಂದು ವಿಶೇಷಣದ ಚರಿತ್ರೆ

ಗಡಿ ಜಿಲ್ಲೆಗಳ ದಿನಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಒಂದು ಪದ ನಾಲ್ಕು ಭಾಷೆಗಳ ವೇಷದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಅದು ನಾಡಕೋವಿ ಅಥವಾ ನಾಡಬಂದೂಕು. ಮಲಯಾಳದಲ್ಲಿ ನಾಡನ್ ತೋಕ್ಕ್. ತಮಿಳಿನಲ್ಲಿ ನಾಟ್ಟುತ್ ತುಪ್ಪಾಕ್ಕಿ. ತೆಲುಗಿನಲ್ಲಿ ನಾಟು ತುಪಾಕಿ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೆ ಹೋದರೆ ಮರಾಠಿಯ ‘ಗಾವಠೀ ಕಟ್ಟಾ’ ಎದುರಾಗುತ್ತದೆ. ಕಟ್ಟಾ ಎಂಬುದು ಗಿಡ್ಡ ಪಿಸ್ತೂಲು, ಮಿಕ್ಕ ನಾಲ್ಕು ಹೆಸರುಗಳು ಹೆಚ್ಚಾಗಿ ಉದ್ದ ನಳಿಗೆಯ ಕೋವಿಗೆ ಸಲ್ಲುವಂಥವು. ಆದರೆ ವಿಶೇಷಣ ಮಾಡುವ ಕೆಲಸ ಎಲ್ಲೆಡೆ ಒಂದೇ. ನಾಡಹಬ್ಬ, ನಾಡಗೀತೆಗಳಲ್ಲಿ ಗೌರವವನ್ನು ಹೊತ್ತು ನಿಲ್ಲುವ ‘ನಾಡ’ ಕೋವಿಯ ಹಿಂದೆ ಬಂದು ನಿಂತೊಡನೆ ಆರೋಪಪಟ್ಟಿಯ ಭಾಷೆಯಾಗುತ್ತದೆ. ಊರಿನ ಕುಲುಮೆಯಲ್ಲಿ ಹುಟ್ಟಿದ್ದು ಎಂಬ ಸರಳ ಅರ್ಥ ಕಾನೂನುಬಾಹಿರ ಎಂಬ ಅರ್ಥಕ್ಕೆ ಇಳಿದದ್ದು ತಾನಾಗಿ ನಡೆದ ಅರ್ಥಸಂಕೋಚವಲ್ಲ. ಅದರ ಹಿಂದೆ ಶಾಸನಗಳ ಒಂದು ಸರಣಿಯಿದೆ.

ಕೋವಿಯನ್ನು ಹೆಸರಿಸುವ ಪದಗಳ ಭೂಗೋಳ ರಾಜ್ಯಗಳ ಎಲ್ಲೆಗಳನ್ನು ಲೆಕ್ಕಿಸುವುದಿಲ್ಲ. ಬಂದೂಕು ಅರಬ್ಬಿ-ಪಾರಸಿ ಮೂಲದ್ದು, ತುಪಾಕಿ ತುರ್ಕಿಯ ‘ತುಫೆಕ್’ನಿಂದ ಬಂದದ್ದು, ಬಯಲುಸೀಮೆಯ ಕನ್ನಡ ಇವೆರಡನ್ನೂ ಬಳಸಿದೆ. ಮಲೆನಾಡು ಮತ್ತು ಕರಾವಳಿಗಳು ಕೋವಿ ಎಂಬ ದೇಶ್ಯ ಪದವನ್ನೇ ಹಿಡಿದುಕೊಂಡವು. ಅದರ ಹಿಂದಿರುವ ಅರ್ಥ ಕೊಳವೆ. ಕೊಡವ ಭಾಷೆಯ ‘ತೋಕ್’ ಮಲಯಾಳದ ‘ತೋಕ್ಕ್’ಗೆ ಹತ್ತಿರದ್ದು. ಕಾಸರಗೋಡಿನ ತುಳು ಮತ್ತು ಹವ್ಯಕ ಕನ್ನಡಗಳಲ್ಲಿ ‘ಬೆಡಿ’ ಇದೆ. ತಮಿಳು, ಮಲಯಾಳಗಳ ‘ವೆಡಿ’ಯ ಒಡಹುಟ್ಟಾದ ಈ ಪದಕ್ಕೆ ಸಿಡಿತ, ಸಿಡಿಮದ್ದು, ಕೋವಿ ಎಂಬ ಮೂರೂ ಅರ್ಥಗಳು ಒಗ್ಗಿವೆ. ಕುಂಬಳೆಯ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ ಜನರ ಬಾಯಲ್ಲಿ ‘ಕುಂಬಳೆ ಬೆಡಿ’ ಎಂದೇ ಪ್ರಸಿದ್ಧ.

ಈ ಆಯುಧದ ವಿದ್ಯೆ ಪೂರ್ತಿಯಾಗಿ ಪರಕೀಯವೆಂಬ ನಂಬಿಕೆಗೆ ಗೋವೆಯೇ ಉತ್ತರ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಅಲ್ಬುಕರ್ಕ್, ಅಲ್ಲಿನ ಕಮ್ಮಾರರು ಬೊಹೀಮಿಯದ ಕುಶಲಿಗಳಿಗೆ ಸರಿಸಮನಾದ ಕೋವಿಗಳನ್ನು ಮಾಡುತ್ತಾರೆಂದು ತನ್ನ ದೊರೆಗೆ ಬರೆದು ತಿಳಿಸಿದ್ದ. ಹತ್ತು ವರ್ಷಗಳ ಬಳಿಕ, 1520ರ ರಾಯಚೂರು ಮುತ್ತಿಗೆಯಲ್ಲಿ, ಕ್ರಿಸ್ಟೋವಾವೊ ದ ಫಿಗ್ಯುರೆಡೊನ ಪೋರ್ಚುಗೀಸ್ ಕೋವಿಗಾರರು ಕೋಟೆಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಉರುಳಿಸಿ ಕೃಷ್ಣದೇವರಾಯನಿಗೆ ನೆರವಾದುದನ್ನು ನೂನಿಜ್ ವಿವರಿಸುತ್ತಾನೆ. ಇತಿಹಾಸಕಾರರು ಈ ಎರಡನೆಯ ಘಟನೆಗೆ ಕೊಟ್ಟ ಗಮನವನ್ನು ಮೊದಲನೆಯದಕ್ಕೆ ಕೊಟ್ಟಿಲ್ಲ. ಯುದ್ಧದ ಚರಿತ್ರೆ ಕೋವಿ ಹಿಡಿದವನನ್ನು ನೆನಪಿಟ್ಟು ಕುಲುಮೆಯ ಮುಂದೆ ಕುಳಿತವನನ್ನು ಮರೆಯುವುದು ರೂಢಿಯೇ ಆಗಿದೆ.

ಕುಲುಮೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಳಿಗೆಯನ್ನು ಮಾಡುವ ಸುಲಭದ ದಾರಿಯೆಂದರೆ ಕಬ್ಬಿಣದ ತಗಡನ್ನು ಸರಳಿನ ಸುತ್ತ ಮಡಿಸಿ ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು. ಹೀಗೆ ಮಾಡಿದ ನಳಿಗೆ ಬೆಸುಗೆಯ ಗೆರೆಯಲ್ಲಿ ಸೀಳುವ ಅಪಾಯವಿತ್ತು. ತಗಡನ್ನು ಓರೆಯಾಗಿ, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕೂರುವಂತೆ ಸುತ್ತಿ ಬೆಸೆಯುವ ಉತ್ತಮ ವಿಧಾನವನ್ನು ಅಬುಲ್ ಫಜಲನ ಐನ್-ಎ-ಅಕ್ಬರಿ ವರ್ಣಿಸುತ್ತದೆ. ಬೆಸುಗೆಯ ಗೆರೆ ಹೀಗೆ ನಳಿಗೆಯುದ್ದಕ್ಕೂ ಸುರುಳಿಯಾಗಿ ಸಾಗುವುದರಿಂದ ಮದ್ದಿನ ಒತ್ತಡ ಒಂದೇ ನೇರದಲ್ಲಿ ಬೀಳುವುದಿಲ್ಲ. ಮದ್ದಾದರೂ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕಗಳ ಮಿಶ್ರಣ. ಅದನ್ನು ಬಾಯಿಯಿಂದ ಸುರಿದು, ನಾರನ್ನೋ ಬಟ್ಟೆಯನ್ನೋ ಮೇಲಿಟ್ಟು ಗಜದಿಂದ ಜಡಿದು, ಗುಂಡನ್ನಾಗಲಿ ಚರೆಯನ್ನಾಗಲಿ ಹಾಕಿ ಮತ್ತೆ ಜಡಿಯಬೇಕು. ಇಷ್ಟಕ್ಕೂ ಸೇರಿ ಒಂದು ‘ಈಡು’. ಬೇಟೆಗಾರನಿಗೆ ಈಡುಗಾರ ಎಂಬ ಹೆಸರು ಬಂದದ್ದು ಇದರಿಂದ. ಹೊಡೆದ ಮೇಲೆ ನಳಿಗೆಯೊಳಗೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಬಿಸಿನೀರಿನಿಂದ ತೊಳೆದು ಎಣ್ಣೆ ಸವರದಿದ್ದರೆ ಕರಾವಳಿಯ ಒಂದೇ ಮಳೆಗಾಲಕ್ಕೆ ನಳಿಗೆ ತುಕ್ಕುಹಿಡಿಯುತ್ತದೆ.

ನಳಿಗೆಯ ಆಯುಷ್ಯ ದೊಡ್ಡದು, ಕಿಡಿ ಕೊಡುವ ಭಾಗದ್ದು ಚಿಕ್ಕದು. ದುರಸ್ತಿಗಾರನ ಜಾಣ್ಮೆಗೆ ಎಡೆ ದೊರೆತದ್ದು ಇಲ್ಲಿ. ಮೊದಲಿನ ಕೋವಿಯಲ್ಲಿ ಹೊತ್ತಿಸಿದ ಬತ್ತಿ, ಎಂದರೆ ಜಾಮಗಿ, ರಂಜಕದ ಪುಡಿಗೆ ಬೆಂಕಿ ಮುಟ್ಟಿಸುತ್ತಿತ್ತು. ಆಮೇಲೆ ಚಕಮಕಿ ಕಲ್ಲು ಬಂತು. ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ 1807ರಲ್ಲಿ ಪೆಟ್ಟಿಗೆ ಸಿಡಿಯುವ ರಾಸಾಯನಿಕದ ಹಕ್ಕುಪತ್ರ ಪಡೆದ ಬಳಿಕ ಕೆಲವೇ ವರ್ಷಗಳಲ್ಲಿ ತಾಮ್ರದ ಪುಟ್ಟ ಟೊಪ್ಪಿಗೆಯಂಥ ಕೇಪು ರೂಢಿಗೆ ಬಂತು. ಹಳೆಯ ಚಕಮಕಿ ಕೋವಿಯನ್ನು ಎಸೆಯಬೇಕಾಗಿರಲಿಲ್ಲ: ರಂಜಕದ ಬಟ್ಟಲನ್ನು ಕಿತ್ತು, ಕಿಡಿ ಒಳಹೋಗುತ್ತಿದ್ದ ತೂತಿಗೆ ತಿರುಪು ಕೊರೆದು ಮೊಲೆಯಾಕಾರದ ತೊಟ್ಟನ್ನು ಕೂರಿಸಿ, ಕಲ್ಲು ಕಚ್ಚಿದ್ದ ಕುದುರೆಯ ಬದಲು ಸುತ್ತಿಗೆಯಾಕಾರದ ಕುದುರೆಯನ್ನು ಜೋಡಿಸಿದರೆ ಅದು ಕೇಪಿನ ಕೋವಿಯಾಗುತ್ತಿತ್ತು. ಕುದುರೆ ಎಂಬ ಪದ ಕನ್ನಡ, ತಮಿಳು ಎರಡರಲ್ಲೂ ಇದೇ ಭಾಗಕ್ಕೆ ಸಲ್ಲುತ್ತದೆ. ಲೋಹದ ತೋಟೆಯನ್ನು ಹಿಂದಿನಿಂದ ತುಂಬುವ ತೋಟೆಕೋವಿ ಬಂದಾಗ ಮಾತ್ರ ಹಳ್ಳಿಯ ಕುಲುಮೆ ಹಿಂದೆ ಬಿತ್ತು. ಆ ಕರಾರುವಾಕ್ಕು ಅಳತೆಗೆ ಕಾರ್ಖಾನೆಯ ಯಂತ್ರಗಳು ಬೇಕಿದ್ದವು.

ಅಷ್ಟರಲ್ಲಿ ಶಾಸನ ಕಾಲಿಟ್ಟಿತ್ತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಕನ್ನಡದಲ್ಲಿ ದೊರೆತ ಅತ್ಯಂತ ತೀಕ್ಷ್ಣ ಪ್ರತಿಕ್ರಿಯೆ ಹಲಗಲಿ ಬೇಡರದು. ಅಂದಿನ ಮುಧೋಳ ಸಂಸ್ಥಾನದ, ಎಂದರೆ ಜತ್ತ, ಸೊಲ್ಲಾಪುರಗಳೊಡನೆ ಒಂದೇ ರಾಜಕೀಯ ವಲಯದಲ್ಲಿದ್ದ ಈ ಹಳ್ಳಿಯವರು ಹತಾರಗಳನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಸುಟ್ಟಿತು, ಹಲವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವನು ಜೆ.ಎಫ್. ಫ್ಲೀಟ್, ಅದೇ ಆಡಳಿತದ ಅಧಿಕಾರಿಯೊಬ್ಬನಿಂದ ಆ ಹಾಡು ಗ್ರಂಥಸ್ಥವಾಯಿತೆಂಬುದು ಇಲ್ಲಿ ಗಮನಾರ್ಹ. ಲಾವಣಿಯನ್ನು ಸ್ವಾತಂತ್ರ್ಯ ಸಂಗ್ರಾಮದ ಪಠ್ಯವಾಗಿ ಓದುವುದು ಶಾಲೆಗಳ ಪದ್ಧತಿ. ಅದನ್ನು ವೃತ್ತಿಯ ಪಠ್ಯವಾಗಿಯೂ ಓದಬಹುದು. ಬೇಟೆ, ಕಾವಲುಗಳಿಂದ ಬದುಕುವ ಸಮುದಾಯದಿಂದ ಹತಾರವನ್ನು ಕಿತ್ತುಕೊಳ್ಳುವುದೆಂದರೆ ಅದರ ಅನ್ನವನ್ನು ಕಿತ್ತುಕೊಳ್ಳುವುದೇ ಆಗಿತ್ತು.

ಕೊಡಗಿಗೆ ಬೇರೆಯದೇ ನ್ಯಾಯ ಸಂದಿತು. ಕಂಪನಿಗೆ ನಿಷ್ಠರಾಗಿದ್ದ ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ಘೋಷಿಸಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸುವುದು ಅಲ್ಲಿ ಇಂದಿಗೂ ಬಹಿರಂಗ ಆಚರಣೆ. ಬೆಟ್ಟ ಇಳಿದು ಪಕ್ಕದ ವಯನಾಡಿಗೋ ಕಾಸರಗೋಡಿಗೋ ಬಂದರೆ, ಅಂಥದೇ ಕಾಡು, ಅದೇ ಹಂದಿ, ಅಂಥದೇ ಕೋವಿ. ಆದರೆ ಇಲ್ಲಿ ಪರವಾನಗಿ ಬೇಕು. ಒಂದೇ ವಸ್ತು ಒಂದೆಡೆ ಕುಲದೇವತೆಯ ಪಕ್ಕದಲ್ಲಿ, ಇನ್ನೊಂದೆಡೆ ಠಾಣೆಯ ದಾಖಲೆಯಲ್ಲಿ ಇರುವುದು ಜಾನಪದದ ಭೇದದಿಂದಲ್ಲ, 19ನೆಯ ಶತಮಾನದ ರಾಜನಿಷ್ಠೆಯ ಲೆಕ್ಕದಿಂದ.

1878ರ ಆಯುಧ ಕಾಯ್ದೆಯ ಜಾಗಕ್ಕೆ ಸ್ವತಂತ್ರ ಭಾರತ 1959ರ ಕಾಯ್ದೆಯನ್ನು ತಂದಿತು. ಅದರ 13ನೆಯ ಕಲಮು ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಅನುಮತಿಸುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಬಂದೂಕು. ಲೋಕದ ಸೈನ್ಯಗಳು ಶತಮಾನದ ಹಿಂದೆಯೇ ಕೈಬಿಟ್ಟ ತಂತ್ರವನ್ನು ರೈತನಿಗೆ ಕಾದಿಟ್ಟ ಕಾನೂನು ಇದು. ನಿಧಾನವಾಗಿ ತುಂಬಬೇಕಾದ ಕೋವಿಯೇ ಸುರಕ್ಷಿತ ಎಂಬ ಆಡಳಿತದ ತರ್ಕ ಇದರಲ್ಲಿ ಸ್ಪಷ್ಟ. ಪರವಾನಗಿ ಪುಸ್ತಕಗಳಲ್ಲಿ ಇದರ ಹೆಸರು ‘ಎಸ್‌ಬಿಎಂಎಲ್’; ಕೃಷಿಕರೂ ಈಗ ಹಾಗೆಯೇ ಅನ್ನುತ್ತಾರೆ. ಆದರೆ ಅದೇ ಕಾಯ್ದೆಯ 5ನೆಯ ಕಲಮು ಕೋವಿಯ ತಯಾರಿಕೆ, ಮಾರಾಟಗಳ ಜೊತೆಗೆ ದುರಸ್ತಿಗೂ ಮಾರ್ಪಾಟಿಗೂ ಪ್ರತ್ಯೇಕ ಪರವಾನಗಿ ಕೇಳುತ್ತದೆ. ಕೋವಿ ಹೀಗೆ ಉಳಿಯಿತು, ಅದನ್ನು ಬಲ್ಲ ಆಚಾರಿ ಉಳಿಯಲಿಲ್ಲ. ‘ನಾಡ’ ಎಂಬ ವಿಶೇಷಣ ಅಪರಾಧವಾಚಿಯಾಗಿ ಗಟ್ಟಿಗೊಂಡದ್ದು ಈ ಎರಡು ಕಲಮುಗಳ ನಡುವಿನ ಬಿರುಕಿನಲ್ಲಿ. ಹೊಸೂರಿನ ಆಚೆ, ಕೃಷ್ಣಗಿರಿ ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಪರವಾನಗಿಯಿಲ್ಲದ ನಾಟ್ಟುತ್ ತುಪ್ಪಾಕ್ಕಿಗಳನ್ನು ತಂದೊಪ್ಪಿಸಿರೆಂದು ಪೊಲೀಸರು ಆಗಾಗ ಕರೆ ಕೊಡುತ್ತಾರೆ. ಇಂಥ ಕೋವಿಗಳು ಕಳ್ಳಬೇಟೆಗೆ ಬಳಕೆಯಾಗುವುದು ನಿಜ, ಕಳಪೆ ನಳಿಗೆ ಸಿಡಿದು ಹೊಡೆದವನ ಕೈಯೇ ಹೋಗುವುದೂ ಉಂಟು. ಕುಶಲಿಯನ್ನು ನೋಂದಾಯಿಸಿ ಪರೀಕ್ಷಿಸುವ ದಾರಿ ಸುಲಭವಾಗಿ ತೆರೆದಿದ್ದರೆ ಈ ಎರಡನೆಯ ಅಪಾಯವಾದರೂ ಕಡಿಮೆಯಾಗುತ್ತಿತ್ತು.

2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಒಪ್ಪಿಸಿತು. ಆದೇಶವನ್ನು ಜಾರಿಗೊಳಿಸಲು ಪರವಾನಗಿಯುಳ್ಳ ಕೋವಿಗಾರ ಬೇಕು. ಗಡಿನಾಡಿನ ಅಡಕೆ ತೋಟದ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯಿದ್ದು, ಅದರ ತೊಟ್ಟು ಸವೆದು ಕೇಪು ನಿಲ್ಲದಿದ್ದರೆ, ಅದನ್ನು ಪೇಟೆಯ ಪರವಾನಗಿಯುಳ್ಳ ಅಂಗಡಿಗೇ ಒಯ್ಯಬೇಕು. ಪಕ್ಕದ ಕುಲುಮೆಯಲ್ಲಿ ಅರ್ಧ ದಿನದ ಕೆಲಸ ಅದು. ಮಾಡಿದರೆ ಆ ಆಚಾರಿ 5ನೆಯ ಕಲಮಿನ ಆರೋಪಿ, ಮರುದಿನದ ಪತ್ರಿಕೆಯಲ್ಲಿ ಆ ಕೋವಿ ನಾಡಕೋವಿ.