ಶಿಲುಬೆ ಕದ್ದ ಮಕ್ಕಳು

ಡಿಸೆಂಬರ್ 28ರಂದು ಧರ್ಮಸಭೆಯು ಹೆರೋದನ ಕ್ರೌರ್ಯಕ್ಕೆ ಬಲಿಯಾದ ಬೆತ್ಲೆಹೇಮಿನ ಕಂದಮ್ಮಗಳನ್ನು ಸ್ಮರಿಸುತ್ತದೆ. ಕಣ್ಣೆದುರೇ ಸಾವು ಕಂಡು ಬದುಕುಳಿದ ಮಕ್ಕಳ ಬಗ್ಗೆ ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಫ್ರಾನ್ಸಿನ ನಿರ್ದೇಶಕ ರೆನೆ ಕ್ಲೆಮಾಂ 1952ರಲ್ಲಿ ತೆರೆಗೆ ತಂದ ‘ನಿಷಿದ್ಧ ಆಟಗಳು’ ಅಂಥ ಒಂದು ಮಗುವಿನ ಕಥೆ.

ಕಥೆ ಕಲ್ಪಿತ, ಹಿನ್ನೆಲೆ ಕಲ್ಪಿತವಲ್ಲ. 1940ರ ಮೇ 10ರಂದು ಹಿಟ್ಲರನ ಸೇನೆ ಪಶ್ಚಿಮಕ್ಕೆ ನುಗ್ಗಿತು. ಜೂನ್ 14ರಂದು ಪ್ಯಾರಿಸ್ ಅದರ ವಶವಾಯಿತು. ಆ ಐದು ವಾರಗಳಲ್ಲಿ ಲಕ್ಷಾಂತರ ಜನ ಕಾರು, ಗಾಡಿ, ಸೈಕಲ್ಲುಗಳಲ್ಲಿ ಹಾಸಿಗೆ-ಪಾತ್ರೆ ಹೇರಿಕೊಂಡು ದಕ್ಷಿಣಕ್ಕೆ ಓಡಿದರು. ದಾರಿಯುದ್ದಕ್ಕೂ ವಿಮಾನಗಳಿಂದ ಗುಂಡಿನ ಮಳೆ. ಆ ನೂಕುನುಗ್ಗಲಿನಲ್ಲಿ ಸುಮಾರು 90,000 ಮಕ್ಕಳು ಹೆತ್ತವರಿಂದ ಬೇರಾದರೆಂಬ ಅಂದಾಜಿದೆ. ಮಕ್ಕಳನ್ನು ಹುಡುಕಿಕೊಡಿ ಎಂದು ತಾಯಂದಿರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು.

ಚಿತ್ರದ ಪೌಲೆಟ್ ಐದು ವರ್ಷದವಳು. ಸೇತುವೆಯ ಮೇಲೆ ಅಪ್ಪ, ಅಮ್ಮ, ನಾಯಿಮರಿ ಮೂವರನ್ನೂ ಕಳೆದುಕೊಳ್ಳುತ್ತಾಳೆ. ಸತ್ತ ಮರಿಯನ್ನು ಎದೆಗೊತ್ತಿಕೊಂಡು ಅಲೆಯುವಾಗ ಮಿಷೆಲ್ ಎಂಬ ರೈತರ ಹುಡುಗ ಅವಳನ್ನು ಮನೆಗೆ ಕರೆತರುತ್ತಾನೆ. ಅವಳಿಗೆ ಜಪ ಬಾರದು. ಶಿಲುಬೆಯ ಗುರುತು ಹಾಕುವುದನ್ನು ಅವನೇ ಕಲಿಸುತ್ತಾನೆ. ಇಬ್ಬರೂ ಪಾಳುಬಿದ್ದ ಗಿರಣಿಯಲ್ಲಿ ಮರಿಯನ್ನು ಹೂಳುತ್ತಾರೆ. ಒಂಟಿಯಾಗಿ ಅದಕ್ಕೆ ಬೇಸರವಾಗದೆ? ಜೊತೆಗೆ ಬೇರೆ ಸತ್ತ ಪ್ರಾಣಿಗಳು ಬೇಕು, ಪ್ರತಿಯೊಂದಕ್ಕೂ ಶಿಲುಬೆ ಬೇಕು. ಮಿಷೆಲ್ ಶವದ ಗಾಡಿಯಿಂದ ಕದಿಯುತ್ತಾನೆ, ಸ್ಮಶಾನದಿಂದ ಕದಿಯುತ್ತಾನೆ. ಗುರುಗಳ ಬಳಿ ಪಾಪನಿವೇದನೆ ಮಾಡಿ ಎದ್ದವನೇ ಪೀಠದ ಮೇಲಿನ ಶಿಲುಬೆಗೂ ಕೈಹಾಕುತ್ತಾನೆ!

ಇಲ್ಲಿ ನಮಗೆ ನಗು ಬರುತ್ತದೆ, ಸ್ವಲ್ಪ ಮುಜುಗರವೂ ಆಗುತ್ತದೆ. ಆದರೆ ದೊಡ್ಡವರನ್ನು ನೋಡಿ. ಮಿಷೆಲನ ಅಪ್ಪನಿಗೂ ನೆರೆಮನೆಯವನಿಗೂ ಹಳೆಯ ಹಗೆ. ಮನೆಯವರ ಸಮಾಧಿಯ ಶಿಲುಬೆ ಕಾಣೆಯಾದದ್ದಕ್ಕೆ ಇವರು ಅವರನ್ನು ದೂರಿ, ತೋಡಿದ ಗುಂಡಿಯೊಳಗೇ ಹೊಡೆದಾಡುತ್ತಾರೆ. ಶಿಲುಬೆ ಅವರಿಗೆ ಮನೆತನದ ಮಾನ. ಆ ಮಕ್ಕಳಿಗೋ, ಸತ್ತವರನ್ನು ಮಳೆಯಲ್ಲಿ ಒಂಟಿಯಾಗಿ ಬಿಡಬಾರದೆಂಬ ಕಾಳಜಿ. ಕಳ್ಳತನ ಕಳ್ಳತನವೇ, ಒಪ್ಪುತ್ತೇವೆ. ಆದರೂ ಶಿಲುಬೆಯ ಅರ್ಥಕ್ಕೆ ಹೆಚ್ಚು ಹತ್ತಿರವಿದ್ದವರು ಆ ಕಳ್ಳರೇ ಎಂದು ನಮಗನಿಸುತ್ತದೆ.

ಚಿತ್ರಕ್ಕೆ ವೆನಿಸಿನ ಸ್ವರ್ಣಸಿಂಹವೂ ಆಸ್ಕರ್ ಗೌರವವೂ ಬಂದವು. ಪೌಲೆಟ್ ಆಗಿ ನಟಿಸಿದ ಬ್ರಿಜಿತ್ ಫೊಸ್ಸೆಗೂ ಆಗ ಐದೇ ವರ್ಷ.

ಶಿಲುಬೆಗಳೆಲ್ಲಿವೆ ಹೇಳು, ಹುಡುಗಿಯನ್ನು ಇಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುತ್ತಾನೆ ಅಪ್ಪ. ಮಿಷೆಲ್ ಹೇಳುತ್ತಾನೆ. ಅಪ್ಪ ಆದರೂ ಪೊಲೀಸರ ಕಾಗದಕ್ಕೆ ಸಹಿ ಹಾಕುತ್ತಾನೆ. ಹುಡುಗ ಗಿರಣಿಗೆ ಓಡಿ ಒಂದೊಂದೇ ಶಿಲುಬೆಯನ್ನು ಕಿತ್ತು ನೀರಿಗೆಸೆಯುತ್ತಾನೆ. ಅತ್ತ, ನಿರಾಶ್ರಿತರು ಕಿಕ್ಕಿರಿದ ಜಾಗದಲ್ಲಿ ಕನ್ಯಾಸ್ತ್ರೀಯೊಬ್ಬರು ಪೌಲೆಟ್‌ಳ ಕೊರಳಿಗೆ ಹೆಸರಿನ ಚೀಟಿ ಕಟ್ಟಿ, ಕದಲಬೇಡ ಎಂದು ಹೇಳಿ ಹೋಗುತ್ತಾರೆ. ಯಾರೋ ಯಾರನ್ನೋ ‘ಮಿಷೆಲ್’ ಎಂದು ಕರೆಯುತ್ತಾರೆ. ಮಗು ಎದ್ದು ಆ ಹೆಸರನ್ನು ಕೂಗುತ್ತಾ, ಮತ್ತೆ ಅಮ್ಮನನ್ನು ಕೂಗುತ್ತಾ ಜನರ ನಡುವೆ ಓಡುತ್ತದೆ.