ಮೇಷ್ಟ್ರುಗಳು ನಕ್ಕ ಸಿನಿಮಾ

ಕೊಲಂಬಿಯಾದ ಕಾಲಿ ನಗರದಲ್ಲಿ ‘ಲಾ ಲೇ ದೆಲ್ ಮೋಂತೆ’ ಎಂಬ ಮೆಕ್ಸಿಕನ್ ಸಿನಿಮಾ ಬಹಳ ದಿನಗಳಿಂದ ಓಡುತ್ತಿತ್ತು. ನಾಯಕ, ಪ್ರಸಿದ್ಧ ಹಾಡುಗಾರ ವಿಸೆಂತೆ ಫೆರ್ನಾಂದೆಸ್. ಜನ ಇದರಲ್ಲಿ ಅಂಥದ್ದೇನು ಕಂಡಿದ್ದಾರೆ ನೋಡೋಣವೆಂದು ವಿಶ್ವವಿದ್ಯಾಲಯದ ಕೆಲವು ಮೇಷ್ಟ್ರುಗಳು ಹೋಗಿ ಕೂತರು. ಸ್ವಲ್ಪ ಹೊತ್ತಿಗೆಲ್ಲ ಅವರಿಗೆ ನಗು ತಡೆಯಲಾಗಲಿಲ್ಲ. ಕಣ್ಣೀರಿನ ಸಂಭಾಷಣೆಗೆ ಇವರದು ಗಹಗಹ. ಅಕ್ಕಪಕ್ಕದ ಗಂಡಸರು ಸಿಟ್ಟಿಗೆದ್ದರು, ಹೊರಗೆ ಹಾಕುತ್ತೇವೆ ಎಂದು ಗದರಿಸಿದರು. ಆ ಮೇಷ್ಟ್ರುಗಳಲ್ಲಿ ಒಬ್ಬರು ಕುರ್ಚಿಯಲ್ಲಿ ಮುದುಡಿಕೊಂಡು, ಪರದೆ ಬಿಟ್ಟು ಸುತ್ತಲಿನ ಮುಖಗಳನ್ನು ನೋಡತೊಡಗಿದರು. ತಾನು ನೋಡುತ್ತಿರುವ ಸಿನಿಮಾಕ್ಕೂ ಇವರು ನೋಡುತ್ತಿರುವ ಸಿನಿಮಾಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಅವರನ್ನು ಮತ್ತೆ ಬಿಡಲಿಲ್ಲ.

ಅವರ ಹೆಸರು ಹೆಸೂಸ್ ಮಾರ್ತಿನ್-ಬಾರ್ಬೆರೊ. ಹುಟ್ಟಿದ್ದು ಸ್ಪೇನಿನ ಆವಿಲಾದಲ್ಲಿ, 1937ರಲ್ಲಿ. ಓದಿದ್ದು ತತ್ವಶಾಸ್ತ್ರ. 1963ರಲ್ಲಿ ಕೊಲಂಬಿಯಾಕ್ಕೆ ಬಂದು, 1975ರಲ್ಲಿ ಕಾಲಿಯ ವಾಯೆ ವಿಶ್ವವಿದ್ಯಾಲಯದಲ್ಲಿ ಸಂವಹನ ವಿಭಾಗವನ್ನು ಕಟ್ಟಿದವರು.

ಅಷ್ಟು ಓದಿದವರು ನಕ್ಕದ್ದೇಕೆ? ಅವರ ನಗುವಿಗೂ ಒಂದು ಚರಿತ್ರೆ ಇದೆ. ಲ್ಯಾಟಿನ್ ಅಮೆರಿಕದ ವಿಶ್ವವಿದ್ಯಾಲಯಗಳು ಆಗ ಮಾಧ್ಯಮವನ್ನು ಓದುತ್ತಿದ್ದುದೇ ಅನುಮಾನದ ಕಣ್ಣಿನಿಂದ. ಅದಕ್ಕೆ ಕಾರಣವೂ ಇತ್ತು. 1971ರಲ್ಲಿ, ಅಯೆಂದೆ ಸರ್ಕಾರದ ಕಾಲದ ಚಿಲಿಯಲ್ಲಿ, ಏರಿಯಲ್ ಡಾರ್ಫ್‌ಮನ್ ಮತ್ತು ಬೆಲ್ಜಿಯಂ ಮೂಲದ ಸಮಾಜಶಾಸ್ತ್ರಜ್ಞ ಆರ್ಮಾಂ ಮತ್ತೆಲಾರ್ ಸೇರಿ ‘ಪಾರಾ ಲೇಯೆರ್ ಅಲ್ ಪಾತೊ ದೊನಾಲ್ದ್’ ಬರೆದರು. ಅಂದರೆ ಡೊನಾಲ್ಡ್ ಡಕ್‌ನನ್ನು ಓದುವ ಬಗೆ. ವಾಲ್ಪರೈಸೊದ ವಿಶ್ವವಿದ್ಯಾಲಯ ಪ್ರಕಾಶನದಿಂದ ಬಂದ ಈ ಪುಟ್ಟ ಪುಸ್ತಕ ಡಿಸ್ನಿ ಕಾಮಿಕ್ಸುಗಳನ್ನು ಹರವಿಕೊಂಡು ಕೇಳಿದ ಪ್ರಶ್ನೆಗಳು ಇಂದಿಗೂ ಚುರುಕಾಗಿವೆ: ಈ ಲೋಕದಲ್ಲಿ ಬರೀ ಚಿಕ್ಕಪ್ಪ, ಅಣ್ಣನ ಮಕ್ಕಳೇ ಯಾಕೆ, ಅಪ್ಪ ಅಮ್ಮ ಎಲ್ಲಿ? ದೂರದೇಶದ ಜನ ಚಿನ್ನವನ್ನು ಆಟಿಕೆಗಳಿಗೆ ಬದಲಾಗಿ ಕೊಟ್ಟುಬಿಡುವಷ್ಟು ಮುಗ್ಧರು ಯಾಕೆ?

ಓದಿನ ಪಾಠ ಬರೆದ ತಪ್ಪಿಗೆ ಅವರು ತೆತ್ತ ಬೆಲೆ ದೊಡ್ಡದು. 1973ರ ಸೆಪ್ಟೆಂಬರ್ 11ರ ಸೇನಾ ಕ್ರಾಂತಿಯ ನಂತರ ಪುಸ್ತಕ ಬೆಂಕಿಗೆ ಬಿತ್ತು. ತನ್ನದೇ ಪುಸ್ತಕ ಸುಡುತ್ತಿರುವುದನ್ನು ಡಾರ್ಫ್‌ಮನ್ ಟೀವಿಯಲ್ಲಿ ಕಂಡರು. ಇಬ್ಬರೂ ದೇಶ ಬಿಡಬೇಕಾಯಿತು. 1975ರಲ್ಲಿ ಇಂಗ್ಲಿಷ್ ಅನುವಾದದ ಪ್ರತಿಗಳನ್ನು ಅಮೆರಿಕದ ಕಸ್ಟಮ್ಸ್ ತಡೆಹಿಡಿಯಿತು. ಡಿಸ್ನಿ ಚಿತ್ರಗಳನ್ನು ಕದ್ದು ಅಚ್ಚು ಹಾಕಿದ್ದಾರೆ ಎಂಬ ಗುಮಾನಿ.

ಹಾಗಾಗಿ ಆ ಪುಸ್ತಕವನ್ನು ಇವತ್ತು ಒಣ ಸಿದ್ಧಾಂತವೆಂದು ತಳ್ಳಿಹಾಕುವವರ ಜತೆ ನಾನಿಲ್ಲ. ಆದರೆ ಒಂದು ಕೊರತೆ ನಿಜ. ಅದರಲ್ಲಿ ಬಾತುಕೋಳಿ ಇದೆ, ಬಂಡವಾಳವಿದೆ, ಕಾಮಿಕ್ಸ್ ಓದುವ ಸಾಂತಿಯಾಗೊದ ಹುಡುಗ ಮಾತ್ರ ಇಲ್ಲ. ಅವನು ಏನು ಓದಿಕೊಂಡ ಎಂದು ಯಾರೂ ಕೇಳಲಿಲ್ಲ.

ಕಾಲಿಯ ಚಿತ್ರಮಂದಿರದಲ್ಲಿ ಹುಟ್ಟಿದ್ದು ಈ ಕೇಳದ ಪ್ರಶ್ನೆಯೇ. 1987ರಲ್ಲಿ ಬಂದ ಮಾರ್ತಿನ್-ಬಾರ್ಬೆರೊ ಅವರ ‘ದೆ ಲೋಸ್ ಮೇದಿಯೋಸ್ ಆ ಲಾಸ್ ಮೇದಿಯಾಸಿಯೋನೆಸ್’ ಮಾಧ್ಯಮದ ಕಡೆಯಿಂದ ಜನರ ಬದುಕಿನ ಕಡೆಗೆ ಕುರ್ಚಿ ತಿರುಗಿಸಿತು. ಮನೆ, ನೆರೆಹೊರೆ, ದುಡಿಮೆಯ ಹೊತ್ತು, ಬಿಡುವಿನ ಹೊತ್ತು, ಇವುಗಳ ನಡುವೆ ಧಾರಾವಾಹಿ ಅರ್ಥ ಪಡೆಯುತ್ತದೆ ಎಂದರು. ಕಣ್ಣೀರಿನ ಕಥೆಯ ಒಳಗಿರುವುದು ಗುರುತು ಹಿಡಿಯುವ ಹಂಬಲ: ಯಾರು ಯಾರ ಮಗ, ಯಾರು ಯಾರ ತಾಯಿ. 1948ರಲ್ಲಿ ಕ್ಯೂಬಾದ ರೇಡಿಯೊದಲ್ಲಿ ಬಂದ ‘ಎಲ್ ದೆರೇಚೊ ದೆ ನಾಸೆರ್’ ಕೂಡ, ಮದುವೆಯಿಲ್ಲದೆ ಹುಟ್ಟಿದ ಕೂಸನ್ನು ಕಪ್ಪು ದಾದಿಯೊಬ್ಬಳು ಬೆಳೆಸಿ ವೈದ್ಯನನ್ನಾಗಿ ಮಾಡಿದ ಕಥೆ. ಹಳ್ಳಿ ಬಿಟ್ಟು ನಗರ ಸೇರಿ ನೆಂಟರಿಷ್ಟರನ್ನು ಕಳೆದುಕೊಂಡವರಿಗೆ ಇದು ಬರೀ ಕಟ್ಟುಕಥೆಯಾಗಿ ಕೇಳಿಸಿರಲಾರದು.

ಈ ಕೇಳುವ ಕಿವಿಗಳ ಮೂಲ ಹುಡುಕುತ್ತ ಅವರು ಹವಾನಾದ ಸಿಗಾರ್ ಕಾರ್ಖಾನೆಗಳಿಗೆ ಹೋಗುತ್ತಾರೆ. 1865ರ ಹೊತ್ತಿಗೆ ಅಲ್ಲಿ ಕೆಲಸಗಾರರು ಹೊಗೆಸೊಪ್ಪು ಸುತ್ತುತ್ತಿದ್ದರೆ ಒಬ್ಬ ಎತ್ತರದ ಪೀಠದ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಮರುವರ್ಷವೇ ಸ್ಪೇನಿನ ಆಡಳಿತ ಇದನ್ನು ನಿಷೇಧಿಸಿತು. ಓದು ನಿಲ್ಲಲಿಲ್ಲ, ಮತ್ತೆ ಚಿಗುರಿತು. ಓದುಗನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಯಾವ ಪುಸ್ತಕ ಎಂಬುದನ್ನೂ ಅವರೇ ಆರಿಸುತ್ತಿದ್ದರು. ಡ್ಯೂಮಾನ ಕಾದಂಬರಿ ಅವರಿಗೆ ಅದೆಷ್ಟು ಹಿಡಿಸಿತ್ತೆಂದರೆ, ‘ಮೊಂತೆಕ್ರಿಸ್ತೊ’ ಸಿಗಾರಿಗೆ ಆ ಹೆಸರು ಬಂದದ್ದೇ ಹಾಗೆ ಎನ್ನುತ್ತಾರೆ.